ಎರಡು ಸಾಲು ಬರೆದುಕೊಡು

ಜುಲೈ 6

ಅಣ್ಣಾ,

ಶಾಲೆಯ ಹಾಸ್ಟೆಲ್‌ನಲ್ಲಿ ಪ್ರತಿ ವಾರ ಮನೆಗೆ ಕಾಗದ ಬರೆಸುತ್ತಿದ್ದರು, ಅದೂ ಇಂಗ್ಲಿಷ್‌ನಲ್ಲಿ. ವಾರ್ಡನ್ ಓದಿ, ಕೆಂಪು ಪೆನ್ನಲ್ಲಿ ತಿದ್ದಿ, ಆಮೇಲೆ ಪೋಸ್ಟ್ ಮಾಡುತ್ತಿದ್ದರು. ಅದಕ್ಕೇ ನನ್ನ ಕಾಗದಗಳಲ್ಲಿ 'ನಾನು ಚೆನ್ನಾಗಿದ್ದೇನೆ' ಅನ್ನೋದು ಬಿಟ್ಟು ಇನ್ನೇನೂ ಇರುತ್ತಿರಲಿಲ್ಲ. ಯಾರೂ ತಿದ್ದದ ಕಾಗದ, ಅದರಲ್ಲೂ ಕನ್ನಡದಲ್ಲಿ, ಬರೀತಿರೋದು ಇದೇ ಮೊದಲು. ಒತ್ತಕ್ಷರ ತಪ್ಪಿದ್ದರೆ ನಗಬೇಡ.

ನೀನಿರೋ ಆ ಮನೆಯಲ್ಲಿ ಮೊಬೈಲ್ ಇಟ್ಟುಕೊಳ್ಳೋ ಹಾಗಿಲ್ಲ, ಭಾನುವಾರ ಹತ್ತು ನಿಮಿಷ ಮಾತ್ರ ಫೋನ್ ಅಂತ ಅಮ್ಮ ಹೇಳಿದಳು. ಆ ಹತ್ತು ನಿಮಿಷ ಅಮ್ಮನದು, ನಾನು ಪಾಲು ಕೇಳಲ್ಲ. ನನಗೆ ಕಾಗದ ಬರಿ, ಸಾಕು.

ನಾನು ಚೆನ್ನಾಗಿದ್ದೇನೆ. ಇಲ್ಲ, ಸುಳ್ಳು. ಬರೀ ಟೆನ್ಷನ್. ಭೂವಿಜ್ಞಾನ ತಗೊಂಡರೆ ಆರಾಮ ಅಂತ ಯಾವ ಪುಣ್ಯಾತ್ಮ ಹೇಳಿದನೋ. ಮೊನ್ನೆ ಲ್ಯಾಬ್‌ನಲ್ಲಿ ಒಂದು ಬಿಳಿ ಕಲ್ಲು ಕೊಟ್ಟು 'ಇದೇನು ಹೇಳಿ' ಅಂದರು. ಕೆಲವರು ಗೀಚಿ ನೋಡಿದರು, ಕೆಲವರು ಭೂತಗನ್ನಡಿ ಹಿಡಿದರು. ಸರ್ ಬಂದು, ಕಲ್ಲು ಎತ್ತಿ, ನಾಲಿಗೆಗೆ ಇಟ್ಟು 'ಉಪ್ಪು' ಅಂದು ಹೋದರು. ಎಲ್ಲರೂ ನಕ್ಕರು. ನಾನು ಮಾತ್ರ, ಈ ಕಲ್ಲನ್ನ ಇಷ್ಟು ವರ್ಷದಲ್ಲಿ ಎಷ್ಟು ಜನ ನೆಕ್ಕಿರಬಹುದು ಅಂತ ಯೋಚಿಸಿ ಮಧ್ಯಾಹ್ನದ ಊಟ ಬಿಟ್ಟೆ.

ಅಲ್ಲಿ ಹೇಗಿದೆ? ಯಾರಾದರೂ ಹೊಡೀತಾರಾ? ನಿಜ ಹೇಳು.

ನಿನ್ನ
ಪಿಟೀಲು


ಜುಲೈ 15

ಏ ಪಿಟೀಲು,

ಕುಯ್ಯಿ ಕುಯ್ಯಿ ಅಂತ ಕೊರೀತಿದ್ದೆ ಅಂತ ನಾನಿಟ್ಟ ಹೆಸರು, ಇನ್ನೂ ಸಹಿ ಹಾಕೋವಷ್ಟು ಪ್ರೀತಿಯಾ? ಒತ್ತಕ್ಷರ ಎರಡು ಕಡೆ ತಪ್ಪಿದೆ. ನಕ್ಕೆ.

ಯಾರೂ ಹೊಡೆಯಲ್ಲ ಕಣೇ. ಇದು ಜೈಲೂ ಅಲ್ಲ, ಆಸ್ಪತ್ರೆಯೂ ಅಲ್ಲ. ಆಸ್ಪತ್ರೆಯಲ್ಲಿ ಕುಡಿತ ಬಿಡಿಸಿ ನೇರ ಮನೆಗೆ ಕಳಿಸಿದರೆ ಮತ್ತೆ ಅದೇ ಗಲ್ಲಿ, ಅದೇ ದೋಸ್ತಿಗಳು. ಅದಕ್ಕೆ ನಡುವೆ ಇಂಥದೊಂದು ಮನೆ. ಹನ್ನೆರಡು ಜನ ಗಂಡಸರು, ನಾವೇ ಗುಡಿಸಬೇಕು, ನಾವೇ ಅಡುಗೆ ಮಾಡಬೇಕು, ಹೊರಗೆ ಎಲ್ಲಾದರೂ ದುಡಿಯಬೇಕು, ಸಂಜೆ ಎಲ್ಲರೂ ಸುತ್ತ ಕೂತು ಮೀಟಿಂಗ್. ನಾನು ಹೋಟೆಲುಗಳ ಬೆಡ್‌ಶೀಟ್ ಒಗೆಯೋ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸಕ್ಕೆ ಹೋಗ್ತೀನಿ. ಜನ ಎಷ್ಟು ಕೆಟ್ಟದಾಗಿ ಮಲಗ್ತಾರೆ ಅಂತ ಬೆಡ್‌ಶೀಟ್ ನೋಡಿದರೆ ಗೊತ್ತಾಗುತ್ತೆ.

ಮನೆ ನಡೆಸೋಳು ಅಕ್ಕ. ಅವಳಿಗಿಂತ ದೊಡ್ಡವರೂ ಅಕ್ಕ ಅಂತಲೇ ಕರೆಯೋದು. ಅವಳೂ ಹಿಂದೆ ಕುಡಿದವಳೇ, ಹಾಗಾಗಿ ನಮ್ಮ ಯಾವ ಆಟವೂ ನಡೆಯಲ್ಲ. ಮೊನ್ನೆ ಒಬ್ಬ ಹೊಟ್ಟೆನೋವು ಅಂತ ಮುಲುಗುತ್ತಾ ಬಂದ. 'ಈ ನಾಟಕದಲ್ಲಿ ನಾನು ಹತ್ತು ವರ್ಷ ಪಾರ್ಟು ಮಾಡಿದ್ದೀನಿ ಕಣೋ, ಹೋಗಿ ಪಾತ್ರೆ ತೊಳಿ' ಅಂದಳು.

ಕೆಳಗಡೆ ಹಾಲ್‌ನಲ್ಲಿ ಸಾಲಾಗಿ ಮಂಚ, ಬಾಗಿಲೇ ಇಲ್ಲ, ಬರೀ ಚೌಕಟ್ಟು. ಹೊಸಬರೆಲ್ಲ ಅಲ್ಲಿ. ನನ್ನ ಪಕ್ಕದ ಮಂಚ ಒಬ್ಬ ಬಡಗಿಯದು. ಗೊರಕೆಯಲ್ಲೂ ಮರ ಕೊಯ್ಯುತ್ತಾನೆ. ನೆಟ್ಟಗಿದ್ದರೆ ಮೇಲಿನ ಮಹಡಿಗೆ ಬಡ್ತಿ: ಸ್ವಂತ ಕೋಣೆ, ಸ್ವಂತ ಬೀಗದ ಕೈ. ಜಾರಿ ಮತ್ತೆ ಕುಡಿದವನು ಮೀಟಿಂಗ್‌ನಲ್ಲಿ ತಾನಾಗಿ ಬಾಯಿಬಿಟ್ಟರೆ ಮತ್ತೆ ಹಾಲ್‌ನಿಂದ ಶುರು. ಮುಚ್ಚಿಟ್ಟು ಸಿಕ್ಕಿಬಿದ್ದರೆ ಗೇಟ್, ಪೆಟ್ಟಿಗೆ ಸಮೇತ. ನನಗೆ ಮುಂದಿನ ತಿಂಗಳು ಬೀಗದ ಕೈ ಸಿಗುತ್ತೆ ಅಂತ ಅಕ್ಕ ಹೇಳಿದ್ದಾಳೆ. ಅಮ್ಮನಿಗೆ ಹೇಳಿದೆ, ಫೋನಲ್ಲೇ ಅತ್ತುಬಿಟ್ಟಳು.

ಒಂದು ಸಹಾಯ ಮಾಡ್ತೀಯಾ? ಎರಡು ಜೊತೆ ಕಾಲುಚೀಲ, ಒಂದು ಬಾಚಣಿಗೆ, ಬಾಯಿ ಮುಕ್ಕಳಿಸೋ ಆ ನೀಲಿ ಲಿಕ್ವಿಡ್ ಒಂದು ಬಾಟಲಿ ಕಳಿಸು. ಹಲ್ಲೆಲ್ಲ ಹಾಳಾಗಿ ಬಾಯಿ ವಾಸನೆ, ಮೀಟಿಂಗ್‌ನಲ್ಲಿ ಬಾಯಿ ಬಿಡೋಕೆ ನಾಚಿಕೆ. ಈ ಮನೆಯ ವಿಳಾಸಕ್ಕೆ ಬೇಡ, ಇಲ್ಲಿ ಪಾರ್ಸಲ್ ಎಲ್ಲರ ಮುಂದೆ ಬಿಚ್ಚಬೇಕು. ಲಾಂಡ್ರಿಗೆ ಕಳಿಸು.

ಕಲ್ಲು ನೆಕ್ಕು, ಪಾಸಾಗು.

ಅಣ್ಣ


ಜುಲೈ 24

ಅಣ್ಣಾ,

ಪಾರ್ಸಲ್ ಇವತ್ತು ಹಾಕಿದೆ. ಕಾಲುಚೀಲ ಬೂದು ಬಣ್ಣದ್ದು, ಕೊಳೆ ಕಾಣಲ್ಲ. ನೀನು ಹೇಳಿದ ನೀಲಿ ಬಾಟಲಿ ಅಂಗಡಿಯಲ್ಲಿ ಮುಗಿದಿತ್ತು, ಹಸಿರು ಕಳಿಸಿದ್ದೀನಿ. ಬೇಜಾರಿಲ್ಲ ತಾನೇ? ಮುಚ್ಚಳಕ್ಕೆ ಟೇಪ್ ಸುತ್ತಿ, ಪ್ಲಾಸ್ಟಿಕ್ ಸುತ್ತಿ, ಅದರ ಮೇಲೆ ಒಂದು ಕಾಲುಚೀಲ ತೊಡಿಸಿದ್ದೀನಿ. ದಾರಿಯಲ್ಲಿ ಸೋರಿದರೆ ಅಂತ ಯೋಚನೆಯಾಯ್ತು. ಪೋಸ್ಟ್ ಆಫೀಸಿನ ಕೌಂಟರ್‌ನವರು ಅಲ್ಲಾಡಿಸಿ ನೋಡಿ 'ಒಳಗೆ ಮಗು ಮಲಗಿಸಿದ್ದೀಯೇನಮ್ಮ' ಅಂದರು.

ಬೀಗದ ಕೈ ಸಿಕ್ಕ ದಿನವೇ ಬರಿ. ಕಿಟಕಿ ಯಾವ ಕಡೆಗಿದೆ, ಬೆಳಕು ಬರುತ್ತಾ, ಎಲ್ಲ ಬರಿ.

ಪಿಟೀಲು


ಆಗಸ್ಟ್ 19

ಅಣ್ಣಾ,

ಪಾರ್ಸಲ್ ತಲುಪಿತಾ? ತಲುಪಲಿಲ್ಲವಾ? ಸೋರಿತಾ?

ಅಮ್ಮನಿಗೆ ಫೋನ್ ಮಾಡಿದರೆ 'ಆಮೇಲೆ ಮಾತಾಡ್ತೀನಿ, ಹೊಲಿಗೆ ಕೆಲಸ ಇದೆ' ಅಂತ ಇಟ್ಟುಬಿಡ್ತಾಳೆ. ಅಮ್ಮ ಹೊಲೀತಾ ಹೊಲೀತಾನೇ ಮಾತಾಡೋಳು, ಇದ್ದಕ್ಕಿದ್ದ ಹಾಗೆ ಹೊಲಿಗೆ ಯಾಕೆ ಅಡ್ಡ ಬಂತು? ನನ್ನ ತಲೆಯಲ್ಲಿ ಏನೇನೋ ಓಡ್ತಿದೆ. ರೂಮ್‌ಮೇಟ್ 'ನೀನು ಓವರ್ ಥಿಂಕ್ ಮಾಡ್ತೀಯ' ಅಂತಾಳೆ. ಅವಳಿಗೆ ಅಣ್ಣ ಇಲ್ಲ.

ಒಂದು ಸಾಲು ಬರಿ. 'ಚೆನ್ನಾಗಿದ್ದೇನೆ' ಅಂತಾದರೂ ಸರಿ.

ಪಿಟೀಲು


ಆಗಸ್ಟ್ 27

ಪಿಟೀಲು,

ಗಾಬರಿಯಾಗಬೇಡ. ಇದರಲ್ಲಿ ನಿನ್ನದೇನೂ ತಪ್ಪಿಲ್ಲ, ಮೊದಲೇ ಹೇಳ್ತಿದ್ದೀನಿ.

ಇಲ್ಲಿ ಆಗಾಗ ಮೂತ್ರ ಪರೀಕ್ಷೆ ಮಾಡ್ತಾರೆ. ಬೀಗದ ಕೈ ಕೊಡೋ ಮುಂಚೆ ಅಂತೂ ಕಡ್ಡಾಯ. ನನ್ನದರಲ್ಲಿ ಕುಡಿದಿರೋ ಗುರುತು ಬಂತು. ನಾನು ಕುಡಿದಿಲ್ಲ. ಯೋಚಿಸಿ ಯೋಚಿಸಿ ಸಾಕಾಯ್ತು, ಆಮೇಲೆ ಹೊಳೀತು, ನೀನು ಕಳಿಸಿದ ಬಾಟಲಿ. ಬಾಯಿ ಮುಕ್ಕಳಿಸೋ ಲಿಕ್ವಿಡ್‌ನಲ್ಲಿ ಆಲ್ಕೋಹಾಲ್ ಇರುತ್ತೆ, ದಿನಾ ಎರಡು ಮೂರು ಸಲ ಬಳಸಿದರೆ ಪರೀಕ್ಷೆಯಲ್ಲಿ ಬಂದುಬಿಡುತ್ತೆ. ಅದಕ್ಕೇ ಅದು ಇಲ್ಲಿ ನಿಷಿದ್ಧ. ನನಗೆ ಗೊತ್ತಿರಲಿಲ್ಲ, ಪಾಪ ನಿನಗೆ ಹೇಗೆ ಗೊತ್ತಿರಬೇಕು?

ಬಾಟಲಿ ತೋರಿಸು ಅಂದಳು ಅಕ್ಕ. ಲಾಂಡ್ರಿಯಲ್ಲಿಟ್ಟಿದ್ದೆ, ಯಾರೋ ಎತ್ತಿಕೊಂಡು ಹೋಗಿದ್ದಾರೆ. ಈಗ ಉಳಿದಿರೋದು ಒಂದೇ ದಾರಿ. ಅಕ್ಕನದೊಂದು ಪದ್ಧತಿ ಇದೆ. ಮನೆಯವರು ಯಾರಾದರೂ ಕೈಯಾರೆ ಬರೆದು ಸಾಕ್ಷಿ ಹೇಳಿದರೆ ಅವಳು ಮರುಮಾತಾಡಲ್ಲ. 'ನಿಮ್ಮ ಪಾಲಿಗೆ ಮನೆಯವರೊಬ್ಬರು ಉಳಿದಿರೋದೇ ಹೆಚ್ಚು, ಅವರ ಮಾತನ್ನೂ ಕೆದಕಿದರೆ ನಾನು ಮನುಷ್ಯಳಾ' ಅಂತಾಳೆ.

ಎರಡು ಸಾಲು ಬರೆದುಕೊಡು. 'ನಾನೇ ಕಳಿಸಿದ್ದು, ಅದರಲ್ಲಿ ಆಲ್ಕೋಹಾಲ್ ಇರುತ್ತೆ ಅಂತ ಗೊತ್ತಿರಲಿಲ್ಲ' ಅಷ್ಟೇ. ಬೀಗದ ಕೈ ಹಾಗಿರಲಿ, ಇಲ್ಲದಿದ್ದರೆ ಮಂಚವೂ ಇಲ್ಲ ಕಣೇ. ಅಮ್ಮನಿಗೆ ವಿಷಯ ಹೇಳಿದ್ದೀನಿ, ಬೇಜಾರು ಮಾಡಿಕೊಂಡಿದ್ದಾಳೆ. ಸರಿಹೋಗ್ತಾಳೆ.

ಬೇಗ ಬರಿ.

ಅಣ್ಣ


ಸೆಪ್ಟೆಂಬರ್ 2

ಅಣ್ಣಾ,

ನಿನ್ನ ಕಾಗದ ಬರೋಕೆ ಮುಂಚೆಯೇ ಅಮ್ಮನ ಫೋನ್ ಬಂತು. ಹಲೋ ಕೂಡ ಅನ್ನಲಿಲ್ಲ. 'ಅಷ್ಟು ಓದಿದ್ದೀಯ, ಬಾಟಲಿ ಮೇಲೆ ಏನು ಬರೆದಿದೆ ಅಂತ ನೋಡೋಕಾಗಲಿಲ್ವಾ? ಮೇಲೆ ಹತ್ತಿದವನನ್ನ ಕಾಲು ಹಿಡಿದು ಕೆಳಗೆ ಎಳೆದೆಯಲ್ಲೇ' ಅಂದಳು. ನಾನು ಕಾರಿಡಾರ್‌ನಲ್ಲಿ ನಿಂತಿದ್ದೆ, ಎಲ್ಲರೂ ತಟ್ಟೆ ಹಿಡಿದು ಊಟಕ್ಕೆ ಹೋಗ್ತಿದ್ದರು. ಸಾರಿ ಅಮ್ಮ, ಸಾರಿ ಅಮ್ಮ ಅಂತ ಎಷ್ಟು ಸಲ ಅಂದೆನೋ. ಯಾವುದಕ್ಕೆ ಸಾರಿ ಅಂತಲೂ ಗೊತ್ತಿರಲಿಲ್ಲ. ನಿನ್ನ ಕಾಗದ ಬಂದ ಮೇಲೆ ಗೊತ್ತಾಯ್ತು.

ಅಣ್ಣಾ, ನಾನು ಲೇಬಲ್ ಓದಿದ್ದೆ.

ನೀಲಿ ಬಾಟಲಿ ಮುಗಿದಿರಲಿಲ್ಲ. ಶೆಲ್ಫ್ ತುಂಬ ಇತ್ತು. ಒಂದನ್ನ ಕೈಗೆ ತಗೊಂಡು ಹಿಂದಿನ ಸಣ್ಣ ಅಕ್ಷರ ಓದಿದೆ, ಅದರಲ್ಲಿತ್ತು. ವಾಪಸ್ ಇಟ್ಟೆ. ಒಂದೊಂದಾಗಿ ಎಲ್ಲ ಕಂಪನಿಯದೂ ಓದಿದೆ. ಅಂಗಡಿಯವನಿಗೆ ನಾನೇನೋ ಕದಿಯೋಕೆ ಬಂದಿದ್ದೀನಿ ಅಂತ ಡೌಟ್ ಬಂದು ಪಕ್ಕದಲ್ಲೇ ಬಂದು ನಿಂತ. 'ಆಲ್ಕೋಹಾಲ್ ಇಲ್ಲದ್ದು ಬೇಕು' ಅಂತ ಕೇಳೋಕೆ ನಾಚಿಕೆ, ಆದರೂ ಕೇಳಿದೆ. ಮಕ್ಕಳಿಗೆ ಕೊಡೋದು ಅಂತ ಹಸಿರು ಬಾಟಲಿ ತೆಗೆದುಕೊಟ್ಟ. ಮುಂದೆಯೇ ದಪ್ಪಕ್ಷರದಲ್ಲಿ ಬರೆದಿದೆ, ಇದರಲ್ಲಿ ಆಲ್ಕೋಹಾಲ್ ಇಲ್ಲ ಅಂತ. ನಿನಗೆ ಬೇಜಾರಾಗಬಾರದು ಅಂತ ನೀಲಿ ಮುಗಿದಿತ್ತು ಅಂದೆ, ಅಷ್ಟೇ.

ನೀನು ಬಾಟಲಿಯನ್ನ ನೋಡೇ ಇಲ್ಲ, ಅಲ್ವಾ?

ಪರೀಕ್ಷೆಯಲ್ಲಿ ಬಂದದ್ದು ಎಲ್ಲಿಂದ? ನನಗೆ ನಿಜ ಹೇಳು. ಬೈಯಲ್ಲ. ಪ್ರಾಮಿಸ್.

ಪಿಟೀಲು


ಸೆಪ್ಟೆಂಬರ್ 8

ಲೇಬಲ್ ಓದಿದೆಯಾ.

ನಾನು ಬಾಯಿ ವಾಸನೆಗೆ ಅಂತ ಕೇಳಿದ್ದು. ನೀನು ಅಂಗಡಿಯಲ್ಲಿ ನಿಂತು, ಇವನು ಇದನ್ನೂ ಕುಡಿದುಬಿಟ್ಟಾನು ಅಂತ ಲೆಕ್ಕ ಹಾಕಿದೆ. ಮಕ್ಕಳಿಗೆ ಕೊಡೋದನ್ನ ಕಳಿಸಿದೆ. ಮೇಲೆ 'ನೀಲಿ ಮುಗಿದಿತ್ತು' ಅಂತ ಸುಳ್ಳು ಬೇರೆ. ಇಲ್ಲಿರೋರೆಲ್ಲ ನನ್ನ ಜೇಬು ತಡವಿ ನೋಡೋರೇ. ನೀನೊಬ್ಬಳು ಹಾಗಲ್ಲ ಅಂದುಕೊಂಡಿದ್ದೆ. ನೀನು ಅಷ್ಟು ದೂರದಿಂದ ಕೈ ಹಾಕಿದೆ.

ಕೇಳಿದ್ದೀಯಲ್ಲ, ಹೇಳ್ತೀನಿ. ಲಾಂಡ್ರಿಯ ಮೇಸ್ತ್ರಿ ಕೆಲಸ ಬಿಟ್ಟು ಹೋಗ್ತಿದ್ದ. ಒಗೆದ ಬೆಡ್‌ಶೀಟ್ ಗಂಟುಗಳ ಹಿಂದೆ ಎಲ್ಲರೂ ಕೂತರು. ಒಂದು ಗ್ಲಾಸ್ ಕೈಗೆ ಬಂತು. ಬೇಡ ಅಂದರೆ ಯಾಕೆ ಅಂತ ಕೇಳ್ತಾರೆ, ಯಾಕೆ ಅಂತ ಹೇಳಿದರೆ ನಾನೆಲ್ಲಿ ವಾಸ ಮಾಡ್ತಿದ್ದೀನಿ ಅಂತ ಎಲ್ಲರಿಗೂ ಗೊತ್ತಾಗುತ್ತೆ. ಕುಡಿದೆ. ಒಂದೇ. ಆಮೇಲೆ ನಿಲ್ಲಿಸಿದೆ. ನಿಲ್ಲಿಸಿದೆ ಅನ್ನೋದನ್ನ ಯಾರೂ ಕೇಳಲ್ಲ.

ಈಗ ಹೇಳು, ಆ ಒಂದು ಗ್ಲಾಸಿಗೆ ನಾನು ಬೀದಿಗೆ ಬೀಳಬೇಕಾ? ಹಾಲ್‌ನಿಂದ ಮತ್ತೆ ಶುರು ಮಾಡೋ ಕಾಲವೂ ಮುಗೀತು, ನಾನು ಎಲ್ಲರ ಮುಂದೆ ಬಾಟಲಿ ಕತೆ ಹೇಳಿಯಾಗಿದೆ. ಬಡಗಿ ನನ್ನ ಪರ ನಿಂತು ಮಾತಾಡಿದ. ಈಗ ಬಾಯಿಬಿಟ್ಟರೆ ಅವನ ಮುಖ ನೋಡೋದು ಹೇಗೆ?

ಅಮ್ಮ ನಿನ್ನನ್ನ ಎರಡು ದಿನ ಬೈತಾಳೆ, ಮರೀತಾಳೆ. ನೀನು ಹುಡುಗಿ, ಓದ್ತಿದ್ದೀಯ, ಗೊತ್ತಿಲ್ಲದೆ ತಪ್ಪಾಯ್ತು ಅಂದರೆ ಲೋಕ ನಂಬುತ್ತೆ. ನನ್ನನ್ನ ಯಾರು ನಂಬ್ತಾರೆ? ನಿನಗೆ ಎರಡು ಸಾಲು. ನನಗೆ ಮಲಗೋ ಜಾಗ. ಅಕ್ಕ ಈ ತಿಂಗಳು ಹದಿನೆಂಟರವರೆಗೆ ಕಾಯ್ತೀನಿ ಅಂದಿದ್ದಾಳೆ.

ಅಣ್ಣ


ಸೆಪ್ಟೆಂಬರ್ 13

ಅಣ್ಣಾ,

ನಿನ್ನ ಕಾಗದ ಬ್ಯಾಗಿನಲ್ಲೇ ಇಟ್ಟುಕೊಂಡು ಮೂರು ದಿನ ಕ್ಲಾಸಿಗೆ ಹೋದೆ. ನೀನು ಹೇಳಿದ ಹಾಗೆ ಬರೆದೆ. ಹರಿದೆ. ಮತ್ತೆ ಬರೆದೆ. 'ಗೊತ್ತಿರಲಿಲ್ಲ' ಅನ್ನೋ ಪದದ ಹತ್ತಿರ ಬಂದಾಗೆಲ್ಲ ಕೈ ನಿಲ್ಲುತ್ತೆ. ಬೇರೆ ಯಾವ ಸುಳ್ಳಾದರೂ ಹೇಳ್ತಿದ್ದೆ ಅನ್ನಿಸುತ್ತೆ, ನಿಜವಾಗಲೂ. ನೀನು ಹುಷಾರಿಲ್ಲದೆ ಮಲಗಿದ್ದೆ ಅಂತಲೋ, ನಾನು ನಿನ್ನ ಜೊತೆ ಇದ್ದೆ ಅಂತಲೋ. ಆದರೆ ನಾನು ಇಷ್ಟು ವರ್ಷಕ್ಕೆ ನಿನಗೋಸ್ಕರ ಸರಿಯಾಗಿ ಮಾಡಿದ ಕೆಲಸ ಆ ಲೇಬಲ್ ಓದಿದ್ದೊಂದೇ. ಅದನ್ನೇ ತಪ್ಪು ಅಂತ ಬರೆದುಕೊಡು ಅಂತೀಯ.

ನೀನು ಕುಡಿದದ್ದಕ್ಕೆ ನನಗೆ ಅಷ್ಟು ಕೋಪ ಇಲ್ಲ. ಕುಡಿದ ಮೇಲೆ, ಯಾರ ಮೇಲೆ ಹಾಕಲಿ ಅಂತ ಸುತ್ತ ನೋಡಿ ನನ್ನನ್ನ ಆರಿಸಿದೆಯಲ್ಲ. ನನ್ನನ್ನ ಕೇಳೋಕೂ ಮುಂಚೆ ಅಮ್ಮನಿಗೆ ಹೇಳಿಯೂ ಆಗಿತ್ತು.

ಕದ್ದುಮುಚ್ಚಿ ಮಾಡಬಾರದು ಅಂತ ಅಕ್ಕನಿಗೆ ಬರೆದದ್ದನ್ನ ನಿನಗೂ ಇಲ್ಲಿ ಬರೀತಿದ್ದೀನಿ. ಇವತ್ತೇ ಎರಡೂ ಪೋಸ್ಟ್ ಮಾಡ್ತೀನಿ, ನಿನ್ನದು ಲಾಂಡ್ರಿಗೆ, ಅಕ್ಕನದು ನೀನಿರೋ ಮನೆಗೆ.

'ಅಕ್ಕ ಅವರಿಗೆ ನಮಸ್ಕಾರ. ನಾನು ಅಣ್ಣನಿಗೆ ಕಳಿಸಿದ ಬಾಟಲಿಯಲ್ಲಿ ಆಲ್ಕೋಹಾಲ್ ಇರಲಿಲ್ಲ. ಲೇಬಲ್ ಓದಿಯೇ ತೆಗೆದುಕೊಂಡಿದ್ದೆ. ದಯವಿಟ್ಟು ಅವನನ್ನು ಹೊರಗೆ ಹಾಕಬೇಡಿ.'

ಮೂರು ಸಾಲಾಯ್ತು.

ತಂಗಿ


ಸೆಪ್ಟೆಂಬರ್ 20

ನಿನ್ನ ಎರಡೂ ಕಾಗದ ಒಂದೇ ದಿನ ಬೆಳಿಗ್ಗೆ ಬಂದವು. ಅದರ ಹಿಂದಿನ ಸಂಜೆ ನಾನು ಮೀಟಿಂಗ್‌ನಲ್ಲಿ ಹೇಳಿಬಿಟ್ಟಿದ್ದೆ.

ಓದಿದೆಯಾ ಆ ಸಾಲು? ಇನ್ನೊಂದು ಸಲ ಓದು. ಹಿಂದಿನ ಸಂಜೆ.

ಬಡಗಿ ನನ್ನ ಪಕ್ಕ ಕೂತು, 'ತಂಗಿ ಕಾಗದ ಬಂದೇ ಬರುತ್ತೆ, ನೀನು ಧೈರ್ಯವಾಗಿರು ಮಾರಾಯ' ಅಂತ ಬೆನ್ನು ತಟ್ಟಿದ. ಆ ಕೈ ತಡೆಯೋಕಾಗಲಿಲ್ಲ. ಎದ್ದು ನಿಂತು ಹೇಳಿದೆ, ಗ್ಲಾಸ್, ಮೇಸ್ತ್ರಿ, ಬೆಡ್‌ಶೀಟ್ ಗಂಟು, ಎಲ್ಲ. ನೀನು ಹಸಿರು ಕಳಿಸಿದ್ದೂ ಹೇಳಿದೆ. ಬಡಗಿ ಎದ್ದು ಹೋಗಿ ಬೇರೆ ಕಡೆ ಕೂತ. ಅಕ್ಕ, 'ತಡವಾಗಿ ಹೇಳಿದೆ, ಆದರೂ ನೀನೇ ಹೇಳಿದೆ. ಮೊದಲಿಂದ ಶುರು ಮಾಡು' ಅಂದಳು. ನನ್ನ ಜೀವನದಲ್ಲಿ ಯಾರೂ ತಳ್ಳದೆ ಮಾಡಿದ ಕೆಲಸ ಅದೊಂದೇ ಕಣೇ.

ಬೆಳಗಾದರೆ ನಿನ್ನ ಲಕೋಟೆ. ಅಕ್ಕ ಅದನ್ನ ಒಡೆಯದೆ ನನ್ನ ಕೈಗೇ ಕೊಟ್ಟಳು. ಆದರೆ ತಿಂಡಿಗೆ ಕೂತವರೆಲ್ಲ ನೋಡಿದರು. 'ಓಹೋ, ಇದು ಬರ್ತಿದೆ ಅಂತ ಗೊತ್ತಾಗಿ ನಿನ್ನೆ ಹರಿಶ್ಚಂದ್ರ ಆದೆಯಾ' ಅಂತ ಒಬ್ಬ ಅಂದ. ಎಲ್ಲರೂ ನಕ್ಕರು. ಬಡಗಿಯೂ. ಇನ್ನೊಂದು ದಿನ ತಡೆಯೋಕೆ ನಿನಗೆ ಏನಾಗಿತ್ತು? ಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದಕ್ಕಿಂತ ಇದು ಉರೀತು.

ಇರಲಿ. ಹಾಲ್‌ನಲ್ಲಿ ಮಂಚ ಇದೆ. ಬಾಗಿಲ ಚೌಕಟ್ಟಿನ ಪಕ್ಕದ್ದು.

ಅಮ್ಮನಿಗೆ ಮಾತ್ರ ಹೇಳಬೇಡ. ಕೈಮುಗೀತೀನಿ. ಆಸ್ಪತ್ರೆಯಿಂದ ಬಂದಾಗ ಅವಳ ತಲೆ ಮುಟ್ಟಿ ಆಣೆ ಮಾಡಿದ್ದೆ. ನಾನು ಕುಡೀತಿದ್ದಾಗಿನ ಹಾಗೆ ಅವಳು ನನ್ನನ್ನ ನೋಡೋಕೆ ಶುರು ಮಾಡಿದರೆ ನನಗೆ ತಡೆಯೋಕಾಗಲ್ಲ. ಅವಳಿಗೆ ಬಾಟಲಿ ಕತೆಯೇ ಇರಲಿ. ನಿನಗೇನು ನಷ್ಟ?

ಅಣ್ಣ


ಸೆಪ್ಟೆಂಬರ್ 26

ಅಣ್ಣಾ,

ಹಿಂದಿನ ಸಂಜೆಯೇ ಹೇಳಿದೆ ಅಂತ ನಂಬ್ತೀನಿ. ನಂಬೋಕೆ ಸ್ವಲ್ಪ ಟೈಮ್ ಬೇಕು, ಆದರೂ ನಂಬ್ತೀನಿ. ಅವರು ನಕ್ಕದ್ದಕ್ಕೆ ಸಾರಿ. ಇದು ನಿಜವಾದ ಸಾರಿ.

ನನಗೇನು ನಷ್ಟ ಅಂತ ಕೇಳಿದೆ. ಅಮ್ಮ ನನಗೆ ಫೋನ್ ಮಾಡೋದು ನಿಲ್ಲಿಸಿದ್ದಾಳೆ. ನಾನು ಮಾಡಿದರೆ 'ಊಟ ಆಯ್ತಾ, ಸರಿ' ಅಷ್ಟೇ. ಹೋದ ವಾರ ನನಗೆ ಜ್ವರ ಬಂದಿತ್ತು, ಅದನ್ನ ಹೇಳಬೇಕು ಅಂತ ಮಾಡಿದ್ದೆ, ಹೇಳೋಕೆ ಜಾಗವೇ ಸಿಗಲಿಲ್ಲ. ಗುರುತಿಲ್ಲದ ಹನ್ನೊಂದು ಗಂಡಸರ ಮುಂದೆ ನಿಂತು ನಿಜ ಹೇಳಿದವನಿಗೆ ಅಮ್ಮನ ಹತ್ತಿರ ಯಾಕೆ ಆಗಲ್ಲ? ಅಲ್ಲಿ ನಿನಗೆ ಮಂಚ ಉಳೀತು. ಇಲ್ಲಿ ಅಮ್ಮನ ಹತ್ತಿರ ಜಾಗ ಉಳಿಯಬೇಕಾಗಿರೋದು ನನಗೆ.

ರಜೆಗೆ ಮನೆಗೆ ಹೋಗ್ತಿದ್ದೀನಿ. ಮುಂದಿನ ಭಾನುವಾರ ಅಲ್ಲೇ ಇರ್ತೀನಿ. ನಿನ್ನ ಹತ್ತು ನಿಮಿಷದಲ್ಲಿ ಒಂದು ನಿಮಿಷ ಸಾಕು. ನಾನು ಬಾಯಿ ಬಿಡಲ್ಲ, ನೀನೇ ಹೇಳು.

ತಂಗಿ


ಅಕ್ಟೋಬರ್ 6

ಅಣ್ಣಾ,

ಭಾನುವಾರ ಫೋನ್ ಬಂದಾಗ ನಾನು ಅಡುಗೆಮನೆಯಲ್ಲಿದ್ದೆ. ನೀರಿನ ಸದ್ದು ಅಡ್ಡ ಬರಬಾರದು ಅಂತ ನಲ್ಲಿ ನಿಲ್ಲಿಸಿದೆ. ಅಮ್ಮ ಹೊಲಿಗೆ ಮಷಿನ್ ಮುಂದೆ ಕೂತು ಹೂಂ ಅಂದಳು, ಹೌದಾ ಅಂದಳು, ನಕ್ಕಳು. ಒಮ್ಮೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಕೈಲಿದ್ದ ಲೋಟ ಕೆಳಗಿಟ್ಟೆ. ಹೇಳಿದ, ಹೇಳಿಬಿಟ್ಟ ಅಂದುಕೊಂಡೆ.

ಫೋನ್ ಇಟ್ಟು ಅಮ್ಮ ನನ್ನನ್ನ ಕರೆದಳು. ಎಷ್ಟೋ ದಿನದ ಮೇಲೆ ಪ್ರೀತಿಯಿಂದ ಕರೆದಳು. ಪಕ್ಕದಲ್ಲಿ ಕೂರಿಸಿಕೊಂಡು, ಕೂದಲು ಹಿಂದಕ್ಕೆ ಸರಿಸಿ, 'ಅಣ್ಣನಿಗೆ ನಿನ್ನ ಮೇಲೆ ಒಂದು ಚೂರೂ ಕೋಪ ಇಲ್ಲವಂತೆ ಕಣೇ. ಕ್ಷಮಿಸಿಬಿಟ್ಟೆ ಅಂದ. ನೀನೂ ಬೈಬೇಡಮ್ಮ ಅಂದ. ಎಂಥ ಮನಸ್ಸು ನೋಡು ಅವನದು' ಅಂದಳು.

ಕ್ಷಮಿಸಿದೆಯಾ ಅಣ್ಣಾ? ಥ್ಯಾಂಕ್ಸ್.

ಬಾಯಿ ಬಿಡಲ್ಲ ಅಂದಿದ್ದೆ. ಬಿಟ್ಟೆ. ಎಲ್ಲ ಹೇಳಿದೆ. ಬೈದು ಹೇಳಲಿಲ್ಲ, ನೀನು ಮೀಟಿಂಗ್‌ನಲ್ಲಿ ಎದ್ದು ನಿಂತದ್ದನ್ನೂ ಸೇರಿಸಿ, ಅದನ್ನ ಹೆಮ್ಮೆಯಿಂದಲೇ ಹೇಳಿದೆ. ಅಮ್ಮ ಕೊನೆಯವರೆಗೂ ಕೇಳಿದಳು. ನನ್ನ ಕೂದಲ ಮೇಲಿದ್ದ ಕೈ ಮಾತ್ರ ಯಾವಾಗಲೋ ತೆಗೆದಿದ್ದಳು. ಆಮೇಲೆ, 'ಅವನು ನಿನ್ನ ಮೇಲೆ ಒಂದು ಮಾತು ಆಡಲಿಲ್ಲ. ನೀನು ಅವನ ಮೇಲೆ ಇಷ್ಟು ಹೊರಿಸ್ತಿದ್ದೀಯ. ತಪ್ಪು ಒಪ್ಪಿಕೊಳ್ಳೋಕಾಗದಿದ್ದರೆ ಸುಮ್ಮನಿರು, ಕತೆ ಕಟ್ಟಬೇಡ' ಅಂತ ಮಷಿನ್ ತುಳಿಯೋಕೆ ಶುರು ಮಾಡಿದಳು.

ನಿನ್ನ ಕಾಗದಗಳು ನನ್ನ ಬ್ಯಾಗಿನಲ್ಲೇ ಇದ್ದವು. ತೆಗೆದು ತೋರಿಸಬಹುದಿತ್ತು. ತೋರಿಸಲಿಲ್ಲ. ಯಾಕೆ ಅಂತ ನನಗೂ ಗೊತ್ತಿಲ್ಲ. ನನ್ನ ಮಾತನ್ನ ನಂಬದೆ ನಿನ್ನ ಅಕ್ಷರ ನೋಡಿ ನಂಬಿದರೆ, ಆಗಲೂ ನಂಬೋದು ನಿನ್ನನ್ನೇ ತಾನೇ?

ಇನ್ನು ನಾನು ಅವಳ ಹತ್ತಿರ ವಾದ ಮಾಡಲ್ಲ. ಯಾವ ಭಾನುವಾರ ನೀನು ಹೇಳ್ತೀಯೋ ಆ ಭಾನುವಾರ ಅಮ್ಮ ನನಗೆ ತಾನಾಗಿ ಫೋನ್ ಮಾಡ್ತಾಳೆ, ನನಗೆ ಗೊತ್ತಾಗುತ್ತೆ. ಅಲ್ಲಿಯವರೆಗೆ ನಿನಗೆ ಕಾಗದ ಇಲ್ಲ.

ಇವತ್ತು ಬೆಳಿಗ್ಗೆ ಹೊರಡೋವಾಗ ಅಟ್ಟದ ಪೆಟ್ಟಿಗೆಯಿಂದ ನಿನ್ನ ಉಣ್ಣೆ ಸ್ವೆಟರ್ ತೆಗೆದು ನನ್ನ ಬ್ಯಾಗಿಗೆ ಹಾಕಿಕೊಂಡಿದ್ದೆ. ಚಳಿ ಶುರುವಾಗುತ್ತೆ, ನಿನ್ನ ಮಂಚ ಬಾಗಿಲಿಲ್ಲದ ಕಡೆ ಇದೆ ಅಂತ. ಅಮ್ಮ ನೋಡಿದಳು. ಬ್ಯಾಗಿನ ಜಿಪ್ ತೆಗೆದು, ಸ್ವೆಟರ್ ಈಚೆಗೆ ಎಳೆದು, ಮಡಿಸಿ ತನ್ನ ತೊಡೆಯ ಮೇಲಿಟ್ಟುಕೊಂಡಳು. 'ಬೇಡ. ನಾನೇ ಕಳಿಸ್ತೀನಿ. ನಿನ್ನ ಕೈಯಿಂದ ಅವನಿಗೆ ಇನ್ನೇನೂ ಹೋಗೋದು ಬೇಡ' ಅಂದಳು.